ಬೆನ್ನ ಹಿಂದಿನ ಕೈ

ಒಂದು ಬೆರಳು ಎಂದರೆ ನೆಟ್ಟಿನ ಹತ್ತಿರಕ್ಕೆ. ಎರಡು ಬೆರಳು ಎಂದರೆ ಅಂಚಿನ ಗೆರೆಯ ಕಡೆಗೆ. ಅಂಗೈ ಪೂರ್ತಿ ಬಿಚ್ಚಿಕೊಂಡರೆ ಎದುರಾಳಿಯ ತಲೆಯ ಮೇಲಿಂದ ಹಿಂದಕ್ಕೆ. ಇಷ್ಟನ್ನು ಅವಳು ಮೂರು ಸಂಜೆಗಳಲ್ಲಿ, ಯಾರೂ ಹೇಳಿಕೊಡದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ಕಲಿತಿದ್ದಳು. ಈಗ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ನೀರು ಸರಬರಾಜು ಕಚೇರಿಯ ಕ್ಲಬ್ಬಿನ ಹಾಲಿನಲ್ಲಿ, ಬ್ಯಾಡ್ಮಿಂಟನ್ ಫೈನಲ್ಲಿನ ಮೊದಲ ಸರ್ವಿಸ್‌ಗೆ ಮುಂಚೆ, ಗಂಡನ ಜೊತೆಗಾತಿ ಶಟಲ್ಲನ್ನು ಬಲಗೈಗೆ ದಾಟಿಸಿ ಎಡಗೈಯನ್ನು ಬೆನ್ನ ಹಿಂದೆ ತಂದಳು. ಒಂದು ಬೆರಳು. ಅವಳ ಹಿಂದೆ ನಿಂತಿದ್ದ ಗಂಡ ಅದನ್ನು ನೋಡಿ ಅರ್ಧ ಹೆಜ್ಜೆ ಮುಂದೆ ಸರಿದ. ಅವರಿಬ್ಬರ ಹಿಂದೆ, ಮೊದಲ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಹಸಿರು ಸ್ವೆಟರ್ ಹಾಕಿಕೊಂಡು ಕೂತಿದ್ದ ಹೆಂಡತಿಯ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು.

ಮೈ ಓದುವುದು ಅವಳಿಗೆ ಹೊಸದಲ್ಲ. ಹನ್ನೊಂದು ವರ್ಷದಿಂದ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಬಾಗಿಲಿಗೆ ಎದುರಾಗಿರುವ ಮೇಜಿನ ಹಿಂದೆ ಕೂತು, ಬಂದವರ ಹೆಸರು ಬರೆದುಕೊಂಡು, ಒಬ್ಬೊಬ್ಬರನ್ನೇ ಒಳಗೆ ಕಳಿಸುವುದು ಅವಳ ಕೆಲಸ. ಕುರ್ಚಿಯ ತುದಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡವರು ಒಳಗಿನ ಮೆಷಿನ್ ಸದ್ದಾದರೆ ಎದ್ದು ಓಡುವವರು. ದಿನಕ್ಕೆರಡು ಸಲ ಉಜ್ಜುತ್ತೇನೆ ಎನ್ನುತ್ತಾ ಮೂಗು ಮುಟ್ಟಿಕೊಳ್ಳುವವರು ವಾರಕ್ಕೆರಡು ಸಲ ಉಜ್ಜುವವರು. ಓಡುವವರು ಕಂಡರೆ ಅವಳು ಪೆನ್ನನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸುತ್ತಿದ್ದಳು. ಗಾಜಿನ ಬಾಗಿಲಿನ ಆಚೆಯಿಂದ ಡಾಕ್ಟರಮ್ಮ ಅದನ್ನು ನೋಡಿ ಅವರನ್ನೇ ಮೊದಲು ಕರೆಯುತ್ತಿದ್ದರು. "ನಮ್ಮಲ್ಲಿ ಎರಡು ಎಕ್ಸ್‌ರೇ ಇದೆ. ಒಂದಕ್ಕೆ ಕರೆಂಟ್ ಬೇಕು, ಇನ್ನೊಂದಕ್ಕೆ ಟೀ ಸಾಕು" ಎಂದು ಅವರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಗಂಡನೂ ಆ ಹೆಸರನ್ನು ಹಿಡಿದುಕೊಂಡ. ಮನೆಗೆ ತಡವಾಗಿ ಬಂದ ದಿನ ಬಾಗಿಲಲ್ಲೇ ಎರಡೂ ಕೈ ಮೇಲೆತ್ತಿ, "ತಗೋಮ್ಮ ಎಕ್ಸ್‌ರೇ, ಏನು ಬೇಕೋ ನೋಡ್ಕೋ" ಎನ್ನುತ್ತಿದ್ದ.

ಅವನು ಮೀಟರ್ ರಿಪೇರಿ ವಿಭಾಗದವನು. ಎಂಟು ತಿಂಗಳ ಹಿಂದೆ ಹೊಟ್ಟೆ ಬೆಲ್ಟಿನ ಮೇಲೆ ಇಣುಕಲು ಶುರುವಾದಾಗ ಅವಳೇ ಬೈದು ಅವನನ್ನು ಕ್ಲಬ್ಬಿಗೆ ಅಟ್ಟಿದ್ದಳು. ಅಲ್ಲಿ ಜೊತೆಯಾದವಳು ನಕ್ಷೆ ವಿಭಾಗದ ಹೆಂಗಸು. ಊರಿನ ನೆಲದಡಿಯ ಪೈಪುಗಳನ್ನೆಲ್ಲ ಕಾಗದದ ಮೇಲೆ ಎಳೆಯುವವಳು, ಎಲ್ಲರ ಬಾಯಲ್ಲೂ ನಕ್ಷೆಯವಳು. ಚೆಲುವೆಯಾಗಿದ್ದಿದ್ದರೆ ಸುಲಭವಾಗಿತ್ತು, ಸಿಟ್ಟಿಗೆ ಒಂದು ವಿಳಾಸ ಸಿಗುತ್ತಿತ್ತು. ಆದರೆ ನಕ್ಷೆಯವಳು ಗಂಡನಿಗಿಂತ ನಾಲ್ಕು ವರ್ಷ ದೊಡ್ಡವಳು, ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು, ನಕ್ಕರೆ ಹಾಲಿನ ಕಿಟಕಿಗಳೆಲ್ಲ ಅದುರುತ್ತಿದ್ದವು. ಅಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ತನಗೇ ನಾಚಿಕೆ. ಹಾಗಂತ ಕಿಚ್ಚು ಆರಲಿಲ್ಲ.

ಆರದಿರಲು ಕಾರಣವಿತ್ತು. ಆ ಇಬ್ಬರ ನಡುವೆ ಮಾತೇ ಬೇಕಾಗಿರಲಿಲ್ಲ. ನಕ್ಷೆಯವಳ ಭುಜ ಒಂದಿಷ್ಟು ಎಡಕ್ಕೆ ವಾಲಿದರೆ ಗಂಡ ಬಲಕ್ಕೆ ಓಡಿರುತ್ತಿದ್ದ. ಅವನು ಹಿಂದೆ ಜಾರಿದರೆ ತಿರುಗಿ ನೋಡದೆ ಅವಳು ಮುಂದಿನ ಜಾಗ ತುಂಬುತ್ತಿದ್ದಳು. ಮನೆಯಲ್ಲಿ ಇದೇ ಮನುಷ್ಯ, ಕೈಯಲ್ಲಿ ಬಿಸಿ ಪಾತ್ರೆ ಹಿಡಿದು ಹೆಂಡತಿ ಎದುರಿಗೆ ನಿಂತಿದ್ದರೂ ಮೇಜಿನ ಮೇಲಿನ ಪೇಪರ್ ಸರಿಸಬೇಕು ಎಂದು ಬಾಯಿ ಬಿಟ್ಟು ಹೇಳಿಸಿಕೊಳ್ಳುವವನು.

ಇನ್ನೊಂದಿತ್ತು, ಅದು ಕಿವಿಗೆ ಚುಚ್ಚಿದ್ದು. "ಬಿಡು, ನಂದು!" "ತಗೋ!" "ಹಿಂದೆ ನೋಡ್ಕೋ ಕಣೋ!" ಎಂದು ನಕ್ಷೆಯವಳು ಕೂಗುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಹೆಂಡತಿ ಅವನಿಗೆ ‘ರೀ’ ಎನ್ನುವುದನ್ನು ಬಿಟ್ಟಿರಲಿಲ್ಲ.

"ಅವ್ರು ಯಾಕೆ ನಿಮ್ಮನ್ನ ‘ಕಣೋ’ ಅಂತಾರೆ?" ಎಂದು ಒಂದು ಸಂಜೆ, ಬೇರೇನೋ ಕೇಳುವವಳ ಹಾಗೆ ಕೇಳಿದ್ದಳು.

"ಆಟದಲ್ಲಿ ಹಾಗೇ. ‘ದಯವಿಟ್ಟು ತಾವು ಹೊಡೀರಿ’ ಅನ್ನೋಷ್ಟರಲ್ಲಿ ಶಟಲ್ ನೆಲಕ್ಕೆ ಬಿದ್ದಿರುತ್ತೆ" ಎಂದು ಅವನು ನಕ್ಕ. "ಹೊರಗೆ ಬಂದ್ರೆ ‘ಸರ್’ ಅಂತಾರೆ, ಬೇಕಾದ್ರೆ ಕೇಳಿಸ್ಕೋ."

ಅವಳು ಕೇಳಿಸಿಕೊಳ್ಳಲೆಂದೇ ಬಂದಳು. ಆಸ್ಪತ್ರೆಯಿಂದ ನೇರವಾಗಿ, ಮೂರು ಸಂಜೆ. ಬೆನ್ನ ಹಿಂದಿನ ಬೆರಳುಗಳನ್ನು ಕಂಡಿದ್ದು ಆಗ. ಒಂದು, ಎರಡು, ಅಂಗೈ, ಇವು ಅರ್ಥವಾದವು. ನಾಲ್ಕನೆಯದೊಂದಿತ್ತು, ಅದು ಅರ್ಥವಾಗಲಿಲ್ಲ. ಆಗೊಮ್ಮೆ ಈಗೊಮ್ಮೆ ನಕ್ಷೆಯವಳ ಕೈ ಬೆನ್ನ ಹಿಂದೆ ಮುಷ್ಟಿಯಾಗುತ್ತಿತ್ತು. ಆಗ ಗಂಡ ರ್‍ಯಾಕೆಟ್ಟಿನ ಅಂಚಿನಿಂದ ತನ್ನ ತೊಡೆಗೆ ಎರಡು ಸಲ ಮೆತ್ತಗೆ ತಟ್ಟುತ್ತಿದ್ದ. ಕೂಡಲೇ ನಕ್ಷೆಯವಳು ಸರ್ವಿಸ್ ಮಾಡದೆ, ಶಟಲ್ಲಿನ ಗರಿ ಮುರಿದಿದೆ ಎಂದು ಬದಲಾಯಿಸಲು ಹೋಗುವಳು, ಇಲ್ಲವೇ ಬೂಟಿನ ಲೇಸು ಬಿಚ್ಚಿ ಕಟ್ಟುವಳು. ಅಷ್ಟು ಹೊತ್ತೂ ಗಂಡ ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ಬಾಯಿ ತುಸು ತೆರೆದು ಅವಳನ್ನೇ ನೋಡುತ್ತಾ ನಿಂತಿರುತ್ತಿದ್ದ. ಹೆಂಡತಿ ಅದನ್ನು ತನಗೆ ತಿಳಿದ ರೀತಿಯಲ್ಲಿ ಓದಿಕೊಂಡಳು. ಆಟಕ್ಕೆ ಬೇಡದ ಗುಟ್ಟೊಂದು ಆಟದ ನಡುವೆಯೇ ನಡೆಯುತ್ತಿದೆ, ಎಲ್ಲರೆದುರು, ತನ್ನ ಮೂಗಿನ ಕೆಳಗೇ. ಆ ರಾತ್ರಿಗಳಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವನು ಯಾಕೆ ಎಂದು ಕೇಳಲಿಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡಳು.

ಫೈನಲ್ಲಿನ ಎದುರು ಜೋಡಿ ಪಂಪ್‌ಹೌಸಿನವರು. ಗಂಡಸು ಗಟ್ಟಿಮುಟ್ಟು, ನಿಧಾನ. ಜೊತೆಯ ಹುಡುಗಿ ಇಪ್ಪತ್ತೈದರವಳು, ಒಂದು ಕಡೆ ನಿಲ್ಲದ ಕಣ್ಣು. ಮೊದಲ ಗೇಮಿನಲ್ಲಿ ಆರಂಭಕ್ಕೆ ಎಲ್ಲ ಸರಿಯಾಗಿತ್ತು. ನಾಲ್ಕೈದು ಪಾಯಿಂಟ್ ಆದಮೇಲೆ ನಕ್ಷೆಯವಳ ಸರ್ವಿಸ್ಸು ಕೆಲಸ ಮಾಡುವುದನ್ನು ನಿಲ್ಲಿಸಿತು. ಹತ್ತಿರಕ್ಕೆ ಬಿಟ್ಟರೆ ಪಂಪ್‌ಹೌಸಿನ ಹುಡುಗಿ ಆಗಲೇ ನೆಟ್ಟಿಗೆ ನುಗ್ಗಿ ನಿಂತಿರುತ್ತಿದ್ದಳು. ಹಿಂದಕ್ಕೆ ಎತ್ತಿದರೆ ಅವಳ ಹಿಮ್ಮಡಿ ಆಗಲೇ ಹಿಂದೆ. ಇಪ್ಪತ್ತೊಂದು–ಹದಿನಾರಕ್ಕೆ ಗೇಮ್ ಹೋಯಿತು.

"ನನ್ನ ಭುಜ ಹೇಳಿಕೊಟ್ಟುಬಿಡ್ತಿದೆ ಕಣೋ" ಎಂದಳು ನಕ್ಷೆಯವಳು, ಮುಖ ಒರೆಸಿಕೊಳ್ಳುತ್ತಾ. "ಇಲ್ಲದಿದ್ರೆ ಅವಳಿಗೆ ಹೇಗೆ ಗೊತ್ತಾಗುತ್ತೆ?"

"ನಿಮ್ಮ ಭುಜದಲ್ಲಿ ಏನೂ ಕಾಣಲ್ಲ. ನಾನು ಹಿಂದೇನೇ ಇರ್ತೀನಲ್ಲ" ಎಂದ ಗಂಡ. ನೀರಿನ ಬಾಟಲಿಯನ್ನು ಮೊದಲು ಅವಳಿಗೆ ಕೊಟ್ಟು ಆಮೇಲೆ ತಾನು ಕುಡಿದ. ಮೂರು ಮಾರು ದೂರದಲ್ಲಿದ್ದ ಹೆಂಡತಿ ಅದನ್ನೂ ನೋಡಿದಳು.

ಗೇಮ್ ಮುಗಿದರೆ ಕಡೆ ಬದಲಾಗಬೇಕು. ಎರಡನೆಯದರಲ್ಲಿ ಪಂಪ್‌ಹೌಸಿನವರು ಅವಳ ಕುರ್ಚಿಯ ಮುಂದೆ ಬಂದರು, ಗಂಡನ ಜೋಡಿ ಆಚೆ ಹೋಯಿತು. ಮೊದಲ ಬಾರಿಗೆ ಅವಳಿಗೆ ಆಟದ ನಡುವೆ ಅವನ ಮುಖ ಕಂಡಿತು. ನಕ್ಷೆಯವಳ ಕೈ ಬೆನ್ನ ಹಿಂದೆ ಹೋದಾಗ ಅವನು ಅದನ್ನು ನೋಡುವ ಬಗೆ ಕಂಡಿತು. ಹುಬ್ಬು ಕೂಡಿಸಿ, ಕತ್ತು ಮುಂದೆ ಚಾಚಿ, ಜಗತ್ತಿನಲ್ಲಿ ಬೇರೇನೂ ಇಲ್ಲ ಎಂಬಂಥ ಗಮನ. ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಅವಳು ಅಲ್ಲಿನ ಕಥೆ ಹೇಳುವಾಗ ಅವನು ಹೀಗೆ ನೋಡುತ್ತಿದ್ದ. ಆ ನೋಟ ಎಲ್ಲೂ ಕಳೆದುಹೋಗಿರಲಿಲ್ಲ, ಬೇರೆಯವರಿಗೆ ಹೋಗುತ್ತಿತ್ತು.

ವಿಚಿತ್ರವೆಂದರೆ ಈಗ ಸರ್ವಿಸ್ಸುಗಳು ಮತ್ತೆ ಕೆಲಸ ಮಾಡಿದವು. ಪಂಪ್‌ಹೌಸಿನ ಹುಡುಗಿ ಮೂರು ಸಲ ತಪ್ಪು ಕಡೆಗೆ ಓಡಿದಳು. ನಾಲ್ಕನೆಯ ಸಲ ಎಡವಿದಾಗ ಹಿಂತಿರುಗಿ ಮೊದಲ ಸಾಲಿನ ಕಡೆ ನೋಡಿ, ಹಸಿರು ಸ್ವೆಟರಿನವಳ ಕಣ್ಣು ಸಿಕ್ಕಿದಾಗ, ಸಿಕ್ಕಿಬಿದ್ದವಳ ಹಾಗೆ ನಕ್ಕು ತಿರುಗಿಕೊಂಡಳು. ಎರಡನೇ ಗೇಮ್ ಗಂಡನ ಜೋಡಿಗೆ ಬಂತು, ಇಪ್ಪತ್ತೊಂದು–ಹದಿನೆಂಟು.

ಮೂರನೆಯದಕ್ಕೆ ಮತ್ತೆ ಕಡೆ ಬದಲಾಯಿತು. ಗಂಡ, ನಕ್ಷೆಯವಳು, ಬೆನ್ನ ಹಿಂದಿನ ಕೈ, ಎಲ್ಲ ಮತ್ತೆ ಕಣ್ಣ ಮುಂದೆ. ಎರಡು ಬೆರಳು. ನೆಟ್ಟಿನ ಆಚೆ ಪಂಪ್‌ಹೌಸಿನ ಹುಡುಗಿ ಬಾಗಿ ನಿಂತಳು, ಕಣ್ಣೆತ್ತಿದಳು. ಆ ಕಣ್ಣು ನಕ್ಷೆಯವಳ ಮೇಲೆ ನಿಲ್ಲಲಿಲ್ಲ. ಅವಳ ಹೆಗಲಿನ ಮೇಲಿಂದ ಹಾದು, ಗಂಡನ ಕಿವಿಯ ಪಕ್ಕದಿಂದ ನುಸುಳಿ, ಮೊದಲ ಸಾಲಿನ ನಡುವಿನ ಕುರ್ಚಿಗೆ ಬಂತು.

ಆಗ ಅವಳಿಗೆ ತಲೆಗೆ ಹೊಡೆದ ಹಾಗೆ ಅರ್ಥವಾಯಿತು. ಎರಡು ಬೆರಳು ಕಂಡ ಕೂಡಲೇ ಅವಳ ಕಣ್ಣು ತಾನಾಗಿಯೇ ಅಂಚಿನ ಗೆರೆಗೆ ಹೋಗಿತ್ತು. ಶಟಲ್ ಬೀಳುವ ಜಾಗವನ್ನು ಅದು ಬೀಳುವ ಮೊದಲೇ ಹೋಗಿ ಕಾಯುತ್ತಿತ್ತು. ಒಂದು ಬೆರಳಿಗೆ ಮುಂದಕ್ಕೆ ಬಾಗುತ್ತಿದ್ದಳು, ಅಂಗೈ ಕಂಡರೆ ತಲೆ ಎತ್ತಿ ಸೂರು ನೋಡುತ್ತಿದ್ದಳು. ಹನ್ನೊಂದು ವರ್ಷ ಊರಿನವರ ಮೈ ಓದಿದ ಅವಳನ್ನು ಇಪ್ಪತ್ತೈದರ ಹುಡುಗಿಯೊಬ್ಬಳು ಹತ್ತು ನಿಮಿಷದಲ್ಲಿ ಓದಿ ಮುಗಿಸಿದ್ದಳು.

ಅವಳಿಗೆ ಮೊದಲು ಬಂದದ್ದು ಒಳ್ಳೆಯ ಯೋಚನೆಯೇ, ಅಷ್ಟು ನ್ಯಾಯ ಅವಳಿಗೆ ಸಲ್ಲಬೇಕು. ಎದ್ದು ಬದಿಯ ಸಾಲಿಗೆ ಹೋಗಬೇಕು, ಅಲ್ಲಿ ಬೇಕಾದಷ್ಟು ಕುರ್ಚಿ ಖಾಲಿಯಿದೆ. ಚೀಲವನ್ನು ಹೆಗಲಿಗೆ ಹಾಕಿಕೊಂಡು ಅರ್ಧ ಎದ್ದೂ ಎದ್ದಳು. ಅದೇ ಹೊತ್ತಿಗೆ ನಕ್ಷೆಯವಳ ಕೈ ಬೆನ್ನ ಹಿಂದೆ ಬಂದು ಮುಷ್ಟಿಯಾಯಿತು. ಗಂಡ ತೊಡೆಗೆ ಎರಡು ಸಲ ತಟ್ಟಿದ. ನಕ್ಷೆಯವಳು ಶಟಲ್ ಹಿಡಿದುಕೊಂಡು ಅಂಪೈರ್ ಹತ್ತಿರ ಹೋಗಿ ಗರಿ ತೋರಿಸತೊಡಗಿದಳು. ಅವನು ಸೊಂಟದ ಮೇಲೆ ಕೈಯಿಟ್ಟು, ಬಾಯಿ ತೆರೆದು, ಅವಳನ್ನೇ ನೋಡುತ್ತಾ ನಿಂತ.

ಹೆಂಡತಿ ಕುರ್ಚಿಯಲ್ಲಿ ಮತ್ತೆ ಕೂತಳು. ಚೀಲವನ್ನು ಪಕ್ಕಕ್ಕಿಟ್ಟಳು.

ಮುಂದಿನ ಸನ್ನೆ ಅಂಗೈ. ಅವಳು ನಿಧಾನವಾಗಿ, ನೆಟ್ಟಿನಾಚೆಯ ಹುಡುಗಿಗೆ ತಪ್ಪದೆ ತಿಳಿಯುವ ಹಾಗೆ, ಗದ್ದ ಎತ್ತಿ ಸೂರಿನ ಕಬ್ಬಿಣದ ಕಂಬಿಗಳನ್ನು ನೋಡಿದಳು. ಪಂಪ್‌ಹೌಸಿನ ಹುಡುಗಿ ಹಿಂದೆ ಸರಿದು ನಿಂತೇ ಹೊಡೆದಳು. ಒಂದು ಬೆರಳಿಗೆ ಅವಳು ಮುಂದೆ ಬಾಗಿ ತನ್ನ ಚಪ್ಪಲಿಯ ತುದಿ ನೋಡಿದಳು. ಹುಡುಗಿ ನೆಟ್ಟಿಗೆ ನುಗ್ಗಿದಳು. ಮೂರನೆಯ ಪಾಯಿಂಟಿನ ನಂತರ ಹುಡುಗಿಯ ಗದ್ದ ಗುರುತು ಹಿಡಿದಂತೆ ಒಂದು ಎಳ್ಳಿನಷ್ಟು ಅಲುಗಿತು. ಆ ಒಂದು ಕ್ಷಣ ಅವಳಿಗೆ ತಣ್ಣಗಾಯಿತು. ಗಂಡನ ಬೆನ್ನ ಹಿಂದೆ ಈಗ ಅವಳಿಗೂ ಒಂದು ಗುಟ್ಟಿತ್ತು.

ಪಂಪ್‌ಹೌಸಿನವರು ಹನ್ನೊಂದು–ಆರರಿಂದ ಮುಂದಿದ್ದಾಗ ನಿಯಮದಂತೆ ಕಡೆ ಬದಲಾಯಿತು. ಅವಳ ಕೆಲಸ ಮುಗಿದಿತ್ತು. ಆಚೆ ಕಡೆಯಿಂದ ಗಂಡ ಜೀವದ ಹಂಗು ತೊರೆದು ಆಡಿದ. ಐದು ಪಾಯಿಂಟುಗಳ ಅಂತರವನ್ನು ಕಡಿದು ಕಡಿದು ಮೂರಕ್ಕೆ ತಂದ. ಅಲ್ಲಿಗೆ ನಿಂತಿತು. ಇಪ್ಪತ್ತೊಂದು–ಹದಿನೆಂಟು. ಅವನು ನೆಟ್ಟಿನ ಕಂಬ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ. ಚಪ್ಪಾಳೆ ಮುಗಿದ ಮೇಲೂ ಹಾಗೇ ನಿಂತಿದ್ದ. ಸೋಲಿನ ಬೇಸರ ಎಂದು ಅವಳು ಓದಿಕೊಂಡಳು. ಅಷ್ಟೊಂದು ಬೇಸರವಾಗುತ್ತದೆ ಎಂದುಕೊಂಡಿರಲಿಲ್ಲ.

ಅವಳು ಕೈತೊಳೆಯುವ ಜಾಗಕ್ಕೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದಾಗ ನಕ್ಷೆಯವಳು ಬಂದಳು. ಕುತ್ತಿಗೆಗೆ ಟವೆಲ್ ಹಾಕಿಕೊಂಡಿದ್ದಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಿಮ್ಮ ಹತ್ರ ಒಂದು ಮಾತು. ನಾನು ಹೇಳ್ದೆ ಅಂತ ಸರ್‌ಗೆ ಗೊತ್ತಾಗೋದು ಬೇಡ."

ಹೆಂಡತಿ ನಲ್ಲಿ ನಿಲ್ಲಿಸಿದಳು. ಬರುವುದು ಬಂತು ಎಂದುಕೊಂಡಳು.

"ನಾಳೆನೇ ಅವ್ರನ್ನ ಎದೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಎರಡು ತಿಂಗಳ ಹಿಂದೆ ಆಡ್ತಾ ಆಡ್ತಾ ಎದೆ ಹಿಡ್ಕೊಂಡು ಕೂತುಬಿಟ್ರು. ಹತ್ತು ನಿಮಿಷ ಮೇಲೇಳ್ಲಿಲ್ಲ. ಆಮೇಲೂ ಆಗಾಗ ಉಸಿರು ಸಿಕ್ಕಾಕೊಳ್ಳುತ್ತೆ. ತೋರಿಸಿ ಅಂದ್ರೆ ಫೈನಲ್ ಮುಗೀಲಿ ಅಂತಾರೆ. ನಿಮಗೆ ಹೇಳ್ಬೇಡಿ ಅಂತ ಆಣೆ ಬೇರೆ. ‘ಗೊತ್ತಾದ್ರೆ ಅವಳು ಅವತ್ತೇ ರ್‍ಯಾಕೆಟ್ ಕಿತ್ಕೋತಾಳೆ’ ಅಂದ್ರು. ನಂಗೂ ಆಸೆ, ಇಷ್ಟು ವರ್ಷಕ್ಕೆ ಒಂದು ಫೈನಲ್ ಬಂದಿತ್ತು. ತಪ್ಪು ಮಾಡ್ದೆ."

"ಮುಷ್ಟಿ…" ಎಂದಳು ಹೆಂಡತಿ.

"ಓ, ನೋಡಿದ್ರಾ? ಮುಷ್ಟಿ ಅಂದ್ರೆ ‘ಸಾಕಾ, ನಿಲ್ಲಿಸೋಣ್ವಾ?’ ಅಂತ. ಎರಡು ಸಲ ತಟ್ಟಿದ್ರೆ ‘ಬೇಡ, ಒಂದು ನಿಮಿಷ ಕೊಡು’ ಅಂತ. ಆ ಒಂದು ನಿಮಿಷಕ್ಕೆ ನಾನು ಎಷ್ಟು ಒಳ್ಳೊಳ್ಳೆ ಶಟಲ್ ಕೆಟ್ಟಿದೆ ಅಂತ ಸುಳ್ಳು ಹೇಳಿದೀನೋ." ನಕ್ಷೆಯವಳು ನಗಲು ಹೋಗಿ ಬಿಟ್ಟಳು.

"ನೀವು ಮುಂದೆ ನಿಂತಿರ್ತೀರ. ಅವ್ರಿಗೆ ಹಾಗಾಗ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಉಸಿರು ಕೇಳುತ್ತಲ್ಲ. ಮೂಗಲ್ಲಿರೋದು ಬಾಯಿಗೆ ಬಂದ್ರೆ ಗೊತ್ತಾಗಿಬಿಡುತ್ತೆ" ಎಂದಳು ನಕ್ಷೆಯವಳು, ಅದೇನು ದೊಡ್ಡ ವಿಷಯ ಎಂಬಂತೆ. "ನಾನು ಹೇಳದಿದ್ರೂ ನೀವು ಕಂಡುಹಿಡೀತೀರ ಅಂದ್ಕೊಂಡಿದ್ದೆ. ಎಕ್ಸ್‌ರೇ ಅಂತಾರಲ್ಲ ಸರ್ ನಿಮ್ಮನ್ನ, ಬಾಯಿತುಂಬ ಹೇಳ್ತಿರ್ತಾರೆ."

ನಕ್ಷೆಯವಳು ಅವಳ ತೋಳನ್ನೊಮ್ಮೆ ಒತ್ತಿ ಹೊರಟುಹೋದಳು. ಹೆಂಡತಿ ಕನ್ನಡಿಯ ಮುಂದೆ ಉಳಿದಳು. ಕಿಚ್ಚು ಆರಬೇಕಾಗಿತ್ತು. ಇಲ್ಲಿ ಪ್ರೇಮವಿಲ್ಲ, ಕಳ್ಳತನವಿಲ್ಲ, ಇರುವುದೊಂದು ಕಾಯಿಲೆ. ಆದರೂ ಕಿಚ್ಚು ದುಪ್ಪಟ್ಟಾಯಿತು. ಆ ಉಸಿರು ಹದಿನಾಲ್ಕು ವರ್ಷದಿಂದ ಅವಳ ಹಾಸಿಗೆಯಲ್ಲಿ, ಅವಳ ಕಿವಿಯ ಪಕ್ಕದಲ್ಲಿತ್ತು. ಅದು ಮೂಗಿನಿಂದ ಬಾಯಿಗೆ ಬಂದಾಗ ಅವಳು ಗೋಡೆಗೆ ಮುಖ ಮಾಡಿ ಮಲಗಿ, ಮುಷ್ಟಿಯ ಅರ್ಥ ಹುಡುಕುತ್ತಿದ್ದಳು. ಬೇರೊಬ್ಬಳು, ಬೆನ್ನು ಮಾಡಿ ನಿಂತು, ಅದನ್ನು ಕೇಳಿಸಿಕೊಂಡಿದ್ದಳು. ಗಂಡ ಬೇರೆಯವಳನ್ನು ಪ್ರೀತಿಸುತ್ತಿದ್ದಿದ್ದರೆ ಬೈಯಬಹುದಾಗಿತ್ತು. ಇದಕ್ಕೆ ಯಾರನ್ನು ಬೈಯುವುದು?

ಸ್ಕೂಟರಿನಲ್ಲಿ ಮನೆಗೆ ಹೊರಟರು. ಅವಳು ಆಟದ ಚೀಲವನ್ನು ತಾನೇ ಹೊತ್ತುಕೊಂಡಿದ್ದಳು, ಅವನು ಬೇಡವೆನ್ನಲಿಲ್ಲ. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಧ್ಯಾಹ್ನದ ಹೊತ್ತು, ಎಲ್ಲರ ಮನೆಯಲ್ಲೂ ಟಿವಿ ಸದ್ದು. ಮೊದಲ ಮಹಡಿ ದಾಟಿದ ಮೇಲೆ ಅವನು ಕಂಬಿ ಹಿಡಿದ. ಎರಡನೆಯದರ ತಿರುವಿನಲ್ಲಿ, ಬಿಸಿಲು ಬೀಳುತ್ತಿದ್ದ ಕಿಟಕಿಯ ಕೆಳಗೆ, "ಇರು, ಒಂದ್ನಿಮಿಷ. ಕಾಲು ನೋವು" ಎಂದು ಮೆಟ್ಟಿಲ ಮೇಲೆ ಕೂತ. ಅವಳು ಎರಡು ಮೆಟ್ಟಿಲು ಕೆಳಗೆ ನಿಂತು ಕಿವಿಗೊಟ್ಟಳು. ಉಸಿರು ಬಾಯಿಯಲ್ಲಿತ್ತು.

"ಆ ಹುಡುಗಿಗೆ ಹೇಗೆ ಗೊತ್ತಾಗ್ತಿತ್ತು ಅಂತೀನಿ" ಎಂದ ಅವನು, ನಡುನಡುವೆ ನಿಲ್ಲಿಸಿ. "ಒಂದೊಂದು ಸರ್ವಿಸ್ಸೂ… ಮೊದಲೇ ಓದ್ಬಿಡ್ತಿದ್ಲು. ಪಾಪ, ಅವ್ರು ತಮ್ಮದೇ ತಪ್ಪು ಅಂದ್ಕೊಂಡು ಕೂತಿದಾರೆ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಪಂಪ್‌ಹೌಸಿನ ಹುಡುಗಿ ಬಾಯಿ ಬಿಡುವವಳಲ್ಲ.

"ಅವಳು ನಕ್ಷೆಯವ್ರನ್ನ ನೋಡ್ತಿರ್ಲಿಲ್ಲ ರೀ" ಎಂದಳು. "ನನ್ನನ್ನ ನೋಡ್ತಿದ್ಲು. ಬೆರಳು ಕಂಡ್ರೆ ನನ್ನ ಕಣ್ಣು ಆ ಕಡೆ ಹೋಗ್ತಿತ್ತು."

ಅವನು ತಲೆ ಎತ್ತಿದ. "ಸನ್ನೆ ನಿನಗೆ ಗೊತ್ತಾ?" ಅವನ ಮುಖದಲ್ಲಿ ಆ ಸ್ಥಿತಿಯಲ್ಲೂ ಹೆಮ್ಮೆಯಂಥದ್ದೊಂದು ಮೂಡಿತು. "ಎಕ್ಸ್‌ರೇ! ಹೋಗ್ಲಿ ಬಿಡೇ, ಗೊತ್ತಿಲ್ದೆ ಆಗಿದ್ದಕ್ಕೆ ಏನ್ ಮಾಡೋಕಾಗುತ್ತೆ."

"ಮೊದಲನೇ ಗೇಮು ಗೊತ್ತಿಲ್ದೆ."

ಹೆಮ್ಮೆ ಮುಖದ ಮೇಲೆ ಇನ್ನೂ ಇತ್ತು, ಹೋಗಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. "ಮೂರನೇದು?"

"ಗೊತ್ತಿದ್ದೇ."

"ಯಾಕೆ?"

"ಹೊಟ್ಟೆಕಿಚ್ಚಿಗೆ" ಎಂದಳು. ಬೇರೆ ಪದ ಅವಳಲ್ಲಿ ಇರಲಿಲ್ಲ. "ನಿಮ್ಮ ಎದೆ ವಿಷಯ ಈಗ ಗೊತ್ತಾಯ್ತು. ಗೊತ್ತಾದ ಮೇಲೂ ಹೊಟ್ಟೆ ಉರೀತಾನೇ ಇದೆ. ಅವ್ರಿಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ."

ಮೇಲಿನ ಮನೆಯ ಬಾಗಿಲೊಂದು ತೆರೆದು ಮುಚ್ಚಿತು. ಅವನು ಅವಳನ್ನು ನೋಡುವುದನ್ನು ನಿಲ್ಲಿಸಿ ತನ್ನ ಬೂಟುಗಳನ್ನು ನೋಡಿದ. ಆಮೇಲೆ ಕೂತಲ್ಲೇ ಗೋಡೆಯ ಕಡೆಗೆ ಸರಿದ. ಮೆಟ್ಟಿಲಿನ ಅರ್ಧ ಭಾಗ ಖಾಲಿಯಾಯಿತು.

ಅವಳು ಆ ಖಾಲಿ ಜಾಗವನ್ನು ನೋಡಿದಳು. ಬಾಗಿಲು ತಳ್ಳಿಕೊಂಡು ಬಂದವರ ಯಾವ ಹಲ್ಲು ನೋಯುತ್ತಿದೆ ಎಂದು ಹೇಳಬಲ್ಲವಳಿಗೆ, ಇವನು ತನಗೆ ಜಾಗ ಬಿಟ್ಟನೋ, ತನ್ನಿಂದ ದೂರ ಸರಿದನೋ ತಿಳಿಯಲಿಲ್ಲ. ಭುಜ ನೋಡಿದಳು, ಕೈ ನೋಡಿದಳು, ತಗ್ಗಿಸಿದ ಕತ್ತು ನೋಡಿದಳು. ಯಾವುದೂ ಏನೂ ಹೇಳಲಿಲ್ಲ.

"ಕೂತ್ಕೊಳ್ಳಲಾ?" ಎಂದು ಕೇಳಿದಳು.

ಅವನು ಏನೋ ಹೇಳಲು ಬಾಯಿ ತೆರೆದ. ಉಸಿರು ಸಾಲಲಿಲ್ಲ, ತಾಳು ಎಂಬಂತೆ ಕೈ ಎತ್ತಿದ. ಅವಳು ಚೀಲವನ್ನು ಕೆಳಗಿಡದೆ, ಎರಡು ಮೆಟ್ಟಿಲು ಕೆಳಗೆ ಅಲ್ಲೇ ನಿಂತು, ಆ ಉಸಿರು ಮಾತಾಗುವುದನ್ನು ಕಾಯತೊಡಗಿದಳು.